ಎರಡನೆಯ ಸಲ ಉಜ್ಜಿದ ಕಾರ್ಡು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ. ಟಿ. ನರಸೀಪುರದ ಬಸ್ ನಿಲ್ದಾಣದಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆ. ಅವರ ಮಗಳು ಎದುರಿಗೆ ಬಂದು ನನ್ನ ಕೈ ಹಿಡಿದುಕೊಂಡಳು. ‘ಅಮ್ಮ ಓಗ್ಬುಟ್ರು ಕಣಕ್ಕ’ ಎಂದಳು. ಏನಾಗಿತ್ತು ಎಂದು ಕೇಳಿದೆ. ಏನೂ ಆಗಿರಲಿಲ್ಲವಂತೆ. ಬೆಳಿಗ್ಗೆ ಎರಡು ಇಡ್ಲಿ ತಿಂದು, ಲೋಟ ತೊಳೆದಿಟ್ಟು, ಗೋಡೆಗೆ ಒರಗಿ ಕೂತವರು ಏಳಲಿಲ್ಲವಂತೆ. ನನ್ನ ಬಸ್ಸು ಬಂತು, ಹೊರಟಿತು. ನಾನು ಹತ್ತಲಿಲ್ಲ. ಅವಳ ಹಿಂದೆಯೇ ಅವಳ ಮನೆಗೆ ಹೋದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವರ ಹೆಸರು ಜೀವಮಾನದಲ್ಲಿ ಒಂದೇ ಸಲ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಅದೂ ಕಳ್ಳತನದ ಸುದ್ದಿಯೊಳಗೆ. ಆಮೇಲೆ ಒಂದು ದಿನ ನನಗೆ ಹೇಳಿದ್ದರು, ‘ಇನ್ನೆಲ್ಲೂ ನನ್ ಎಸ್ರು ಬರೂದು ಬ್ಯಾಡ ಕಣಮ್ಮಿ. ಒಳ್ಳೇದುಕ್ಕೂ ಬ್ಯಾಡ.’ ಆ ಮಾತನ್ನು ಮೀರುವ ಹಕ್ಕು ನನಗಿಲ್ಲ.

ನಂಜನಗೂಡಿನ ದೊಡ್ಡ ಜವಳಿ ಅಂಗಡಿಯೊಂದರಲ್ಲಿ ಅವರು ಬಿಲ್ಲಿನ ಮೇಜಿನಲ್ಲಿದ್ದರು. ಹದಿನಾರು ಎಂಬ ಊರಿನವರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರು. ಗಂಡ ಹೋದ ಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ತೊಂಬತ್ತರ ದಶಕದ ಮೊದಲಲ್ಲಿ ಆ ಅಂಗಡಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದವರು. ಅಕ್ಷರ ದುಂಡಗಿದೆ ಎಂದು ಅಂಗಡಿಯ ಧಣಿಗಳು ಎರಡು ವರ್ಷದ ಮೇಲೆ ಬಿಲ್ಲು ಬರೆಯಲು ಕೂರಿಸಿದರು. ಎತ್ತರದ ಹೆಂಗಸು, ತೆಳ್ಳಗೆ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದನ್ನು ನೀಲಿ ದಾರದಲ್ಲಿ ಕಟ್ಟಿಕೊಂಡಿದ್ದರು. ಮೇಜಿನ ಗಾಜಿನಡಿಯಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಬುದ್ಧನ ಚಿತ್ರವಿತ್ತು. ಮಧ್ಯಾಹ್ನ ಡಬ್ಬಿ ತೆರೆದರೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ‘ತಗೊ’ ಎಂದು ಡಬ್ಬಿಯನ್ನು ಮುಂದಕ್ಕೆ ಒತ್ತುತ್ತಿದ್ದರು. ಅಂಗಡಿಯಲ್ಲಿ ಕೆಲವರು ಅದಕ್ಕೆ ಕೈಹಾಕುತ್ತಿರಲಿಲ್ಲ. ಯಾಕೆ ಎಂದು ನನಗೆ ತಡವಾಗಿ ಹೊಳೆಯಿತು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ದಿನವೂ ಡಬ್ಬಿಯನ್ನು ಮುಂದಕ್ಕೆ ಒತ್ತುತ್ತಿದ್ದರು.

ಅವರು ಬಿಲ್ಲಿಗೆ ಕೂತ ಕಾಲದಲ್ಲಿ ದುಡ್ಡಿನ ಬದಲು ಬ್ಯಾಂಕಿನ ಕಾರ್ಡು ಕೊಡುವ ಗಿರಾಕಿ ವಾರಕ್ಕೊಬ್ಬರು ಬಂದರೆ ಹೆಚ್ಚು. ಊಟಿಗೆ ಹೋಗುವ ಪ್ರವಾಸಿಗಳು, ಕಾರ್ಖಾನೆಯ ದೊಡ್ಡ ಅಧಿಕಾರಿಗಳು, ಅಷ್ಟೆ. ಕಬ್ಬಿಣದ ಹಲಗೆಯಂಥ ಒಂದು ಯಂತ್ರ. ಅದರ ಮೇಲೆ ಕಾರ್ಡಿಟ್ಟು, ಮೇಲೆ ಕಾರ್ಬನ್ ಇರುವ ಚೀಟಿಯಿಟ್ಟು, ಹಿಡಿಯನ್ನು ಆ ತುದಿಯಿಂದ ಈ ತುದಿಗೆ ಎಳೆದರೆ ಕಾರ್ಡಿನ ಉಬ್ಬಿದ ಅಂಕಿಗಳು ಕಾಗದಕ್ಕೆ ಮೂಡುತ್ತಿದ್ದವು. ಕಾರ್ಬನ್ನಿನಲ್ಲೂ ಉಳಿಯುತ್ತಿದ್ದವು. ಅವರು ಆ ಕಾರ್ಬನ್ನನ್ನು ಗಿರಾಕಿಯ ಕಣ್ಣೆದುರಿಗೇ ನಾಲ್ಕು ಚೂರು ಮಾಡಿ ಅವರ ಅಂಗೈಗೇ ಹಾಕುತ್ತಿದ್ದರು. ಮಸಿ ಹತ್ತಿತೆಂದು ಎಷ್ಟೋ ಜನ ಸಿಡುಕುತ್ತಿದ್ದರಂತೆ. ಬ್ಯಾಂಕಿನಿಂದ ಬಂದಾತ ಒಮ್ಮೆ, ಬುಟ್ಟಿಗೆ ಹಾಕಿದರೆ ಸಾಲದೇ ಎಂದು ನಕ್ಕನಂತೆ. ಬುಟ್ಟಿಯನ್ನು ಯಾರು ಯಾರು ಕೆದಕುತ್ತಾರೆ ಎಂದು ನಿಮಗೆ ಗೊತ್ತೇ ಎಂದು ಇವರು ಕೇಳಿದರಂತೆ.

ಇನ್ನೊಂದು ಸಂಗತಿಯನ್ನು ಅಂಗಡಿಯವರೆಲ್ಲ ಹೇಳುತ್ತಿದ್ದರು. ಒಬ್ಬ ಸೂಟುಬೂಟಿನವನು ಮೂರು ರೇಷ್ಮೆ ಸೀರೆ ಆರಿಸಿ ಕಾರ್ಡು ಕೊಟ್ಟ. ಸಹಿ ಹಾಕುವಾಗ ನಡುವೆ ಒಂದು ಗಳಿಗೆ ನಿಲ್ಲಿಸಿ, ಕಾರ್ಡಿನತ್ತ ಕಣ್ಣು ಹಾಯಿಸಿ ಮುಂದುವರಿಸಿದ. ಇವರು ಏನೂ ಆಡದೆ ಅವನಿಗೆ ಕಾಫಿ ತರಹೇಳಿ, ಒಳಗೆ ಹೋಗಿ ಬ್ಯಾಂಕಿಗೆ ಫೋನು ಹಚ್ಚಿಸಿದರು. ಕಾಫಿ ಬರುವಷ್ಟರಲ್ಲಿ ಅವನು ಸೀರೆಯನ್ನೂ ಕಾರ್ಡನ್ನೂ ಬಿಟ್ಟು ಹೋಗಿದ್ದ. ಕಾರ್ಡು ಯಾರದೋ ಕಳೆದುಹೋದದ್ದು. ಹೇಗೆ ಗೊತ್ತಾಯಿತು ಎಂದು ಧಣಿಗಳು ಕೇಳಿದ್ದಕ್ಕೆ, ‘ತನ್ ಎಸ್ರು ಬರ್ಯಕ್ಕೆ ಯಾರಾರಾ ಯೋಚ್ನೆ ಮಾಡಾರಾ ಸಾ’ ಎಂದಿದ್ದರಂತೆ.

ನಾನು ಅಂಗಡಿಗೆ ಸೇರಿದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ. ಮದುವೆಯಾಗಿ ನಂಜನಗೂಡಿಗೆ ಬಂದಿದ್ದೆ. ಗಂಡ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿದ್ದರು. ಧಣಿಗಳು ನನ್ನ ಮಾವನವರಿಗೆ ಪರಿಚಯ, ಅದರಿಂದ ಕೆಲಸ ಸಿಕ್ಕಿತು. ಅಷ್ಟು ಹೊತ್ತಿಗೆ ಕಾರ್ಖಾನೆಗಳೆಲ್ಲ ಸಂಬಳವನ್ನು ಬ್ಯಾಂಕಿಗೆ ಹಾಕತೊಡಗಿದ್ದವು. ಹಳ್ಳಿಗಳಿಂದ ಸೈಕಲ್ಲಿನಲ್ಲಿ ಬರುವ ಕಾರ್ಮಿಕರ ಜೇಬಿನಲ್ಲೂ ಕಾರ್ಡು ಬಂದಿತ್ತು. ಕಬ್ಬಿಣದ ಯಂತ್ರ ಹೋಗಿ, ಫೋನಿನ ತಂತಿಗೆ ಸಿಕ್ಕಿಸುವ ಸ್ವೈಪಿಂಗ್ ಮಿಷನ್ನು ಬಂದಿತ್ತು. ಅವರ ಮೇಜಿಗೊಂದು, ನನ್ನ ಮೇಜಿಗೊಂದು.

ಮೊದಲ ದಿನವೇ ಅವರು ನನಗೆ ಕಾರ್ಡು ಹಿಡಿಯುವುದನ್ನು ಕಲಿಸಿದರು. ಎರಡು ಬೆರಳಿನಲ್ಲಿ, ಅಂಚು ಹಿಡಿದು, ಗಿರಾಕಿಗೆ ಕಾಣುವಷ್ಟು ಎತ್ತರದಲ್ಲಿ. ಮೇಜಿಗಿಂತ ಕೆಳಗೆ ಕಾರ್ಡು ಇಳಿಯಕೂಡದು. ಹೆಸರು ಓದಬೇಕು, ಹೆಸರು ಹಿಡಿದು ಮಾತಾಡಿಸಬೇಕು, ಯಾವ ಊರು ಎಂದು ಕೇಳಬೇಕು. ಚೀಲ ಕೊಡುವುದಕ್ಕೆ ಮೊದಲು ಕಾರ್ಡು ವಾಪಸು ಕೊಡಬೇಕು. ಹೆಸರು ಮತ್ತು ಊರು ಅವರ ತಲೆಯಲ್ಲಿ ಎಲ್ಲಿ ಹೋಗಿ ಕೂರುತ್ತಿದ್ದವೋ ಕಾಣೆ, ವರ್ಷದ ಮೇಲೆ ಬಂದವರನ್ನೂ ಹೆಮ್ಮರಗಾಲದವರಲ್ಲವೇ ಎನ್ನುತ್ತಿದ್ದರು. ನನಗೆ ಅದೆಲ್ಲ ಅತಿಯೆನಿಸುತ್ತಿತ್ತು. ಸಾಲು ಬೆಳೆದಾಗ ನಾನು ಹೆಸರನ್ನೂ ಓದುತ್ತಿರಲಿಲ್ಲ, ಊರನ್ನೂ ಕೇಳುತ್ತಿರಲಿಲ್ಲ. ಅವರಿಗಿಂತ ನನ್ನ ಸಾಲು ಬೇಗ ಕರಗುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಒಂದು ದೀಪಾವಳಿಗೆ ಮುಂಚೆ ಧಣಿಗಳ ಅಳಿಯ ಒಬ್ಬ ಸೂಪರ್‌ವೈಸರನನ್ನು ಕರೆತಂದ. ಅಳಿಯನ ಕಡೆಯ ನೆಂಟನಂತೆ. ನಯವಾದ ಮಾತು, ಇಸ್ತ್ರಿ ಮಡಿಕೆ ಮುರಿಯದ ಅಂಗಿ. ನಮ್ಮನ್ನೆಲ್ಲ ಬಹುವಚನದಲ್ಲಿ ಕರೆಯುತ್ತಿದ್ದ. ಬಂದ ವಾರದಲ್ಲೇ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಯನ್ನು ತಂದು ಮೇಜಿನ ಒಳಬದಿಯ ಹಲಗೆಯ ಮೇಲಿಟ್ಟ. ಖಾಯಂ ಗಿರಾಕಿಗಳಿಗೆ ಪಾಯಿಂಟು ಸೇರಿಸುವ ಮಿಷನ್ನು, ಹಬ್ಬ ಕಳೆದ ಮೇಲೆ ಹೆಚ್ಚು ಪಾಯಿಂಟು ಬಂದವರಿಗೆ ಉಡುಗೊರೆ ಎಂದ. ಬಿಲ್ಲಿಗೆ ಒಂದು ಸಲ ಮೇಲೆ ಉಜ್ಜುವುದು, ಪಾಯಿಂಟಿಗೆ ಒಂದು ಸಲ ಕೆಳಗೆ ಉಜ್ಜುವುದು.

ಅದನ್ನು ಅವನು ಮೊದಲು ತಂದದ್ದು ಅವರ ಮೇಜಿಗೆ. ಅವರು ಒಪ್ಪಲಿಲ್ಲ. ‘ಗಿರಾಕಿ ಕೇಳ್ದಲೆ ಅವ್ರ ಕಾರ್ಡ ಎರಡ್ ಕಿತ ಯಾಕ್ ಉಜ್ಬೇಕು? ಅವ್ರು ಕೇಳ್ಲಿ, ಉಜ್ತೀನಿ’ ಎಂದರು. ಅವನು ನಕ್ಕು, ಆಯಿತಮ್ಮ, ಹಳೆಯವರಿಗೆ ಕಷ್ಟ ಎಂದು ಪೆಟ್ಟಿಗೆಯನ್ನು ನನ್ನ ಮೇಜಿಗೆ ತಂದಿಟ್ಟ. ನಾನು ಉಜ್ಜಿದೆ. ಹಬ್ಬದ ಹಿಂದೆ ಮುಂದೆ ಒಂದೂವರೆ ತಿಂಗಳು ನನ್ನ ಕೈಗೆ ಬಂದ ಒಂದೊಂದು ಕಾರ್ಡನ್ನೂ ಎರಡು ಸಲ ಉಜ್ಜಿದೆ. ಅವರು ಎರಡು ಮೂರು ಸಲ ನನ್ನ ಕಡೆ ನೋಡಿದ್ದು ನೆನಪಿದೆ. ಒಂದು ಸಲ, ‘ಬ್ಯಾಡ ಅನ್ಬಾರದಾ ಅಮ್ಮಿ’ ಎಂದರು. ಧಣಿಗಳ ಅಳಿಯನೇ ಹೇಳಿರುವಾಗ ನಾನು ಯಾರು ಬೇಡ ಎನ್ನಲು ಎಂದುಬಿಟ್ಟೆ.

ಆಗ ಅಂಗಡಿಗಳಲ್ಲಿ ಗುಟ್ಟಿನ ಸಂಖ್ಯೆ ಒತ್ತುವ ಪದ್ಧತಿ ಇರಲಿಲ್ಲ. ಉಜ್ಜಿ, ಬಂದ ಚೀಟಿಗೆ ಸಹಿ ಹಾಕಿದರೆ ವ್ಯಾಪಾರ ಮುಗಿಯಿತು. ಕಾರ್ಡಿನ ಬೆನ್ನ ಮೇಲಿನ ಕಪ್ಪು ಪಟ್ಟಿಯಲ್ಲೇ ಎಲ್ಲ ವಿವರವೂ ಇರುತ್ತದೆ, ಆ ಪಟ್ಟಿಯ ನಕಲು ಸಿಕ್ಕವನು ಇನ್ನೊಂದು ಕಾರ್ಡು ಮಾಡಿಕೊಂಡು ಯಾವ ಊರಿನಲ್ಲಿ ಬೇಕಾದರೂ ಉಜ್ಜಬಹುದು ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಅವರಿಗೂ ಗೊತ್ತಿರಲಿಲ್ಲವಲ್ಲ. ಆದರೂ ಅವರು ಬೇಡ ಎಂದಿದ್ದರು.

ಹಬ್ಬ ಕಳೆದು ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಚಿಕ್ಕಯ್ಯನಛತ್ರದ ಕಾರ್ಮಿಕನೊಬ್ಬ ಬಂದ. ಕೈಯಲ್ಲಿ ಪಾಸ್‌ಬುಕ್ಕು. ಹಬ್ಬಕ್ಕೆ ನಮ್ಮಲ್ಲಿ ಸೀರೆ, ಮಕ್ಕಳ ಬಟ್ಟೆ ತೆಗೆದಿದ್ದ. ಅವನ ಮನೆಗೆ ಚಾವಣಿ ಹಾಕಿಸಲು ಕೂಡಿಟ್ಟದ್ದೆಲ್ಲ ಮುಂಬೈಯ ಎರಡು ಅಂಗಡಿಗಳಲ್ಲಿ ಖರ್ಚಾಗಿದೆ ಎಂದು ಪಾಸ್‌ಬುಕ್ಕು ಹೇಳುತ್ತಿತ್ತು. ಅವನು ಜಗಳಕ್ಕೆ ಬಂದಿರಲಿಲ್ಲ. ಕಾರ್ಡು ಎಲ್ಲೆಲ್ಲಿ ಕೊಟ್ಟಿದ್ದೆ ವಿಚಾರಿಸಿಕೊಂಡು ಬಾ ಎಂದು ಬ್ಯಾಂಕಿನವರು ಕಳಿಸಿದ್ದರು. ‘ನಾನು ಬೊಂಬಾಯಿ ಮೊಕನೇ ಕಂಡಿಲ್ಲ ಕಣಕ್ಕ’ ಎಂದ. ‘ಕಾರ್ಡ್‌ನ ಅಂಗ್ಡಿ ಅಂತ ಕೊಟ್ಟಿರೂದು ಇದೊಂದ್ ಕಡೇಲೆಯ.’

ಅವನು ಅದನ್ನು ಮುಗ್ಧವಾಗಿ ಹೇಳಿದ. ಅವರ ಮುಖ ಮಾತ್ರ ಬದಲಾಯಿತು. ಕಾರ್ಡು ಜೀವನದಲ್ಲಿ ಒಂದೇ ಅಂಗಡಿಯಲ್ಲಿ ಕೈ ಬದಲಾಯಿಸಿದ್ದರೆ, ಕದ್ದದ್ದೂ ಆ ಅಂಗಡಿಯಲ್ಲೇ ಆಗಿರಬೇಕು. ಅವರು ನನ್ನ ಕಡೆ ತಿರುಗಿ, ಅವತ್ತು ಏನು ಮಾಡಿದೆಯೋ ಹಾಗೇ ಮಾಡಿ ತೋರಿಸು ಎಂದರು. ನಾನು ಅವನ ಕಾರ್ಡು ತೆಗೆದುಕೊಂಡೆ. ಮೇಲಿನ ಮಿಷನ್ನಿನಲ್ಲಿ ಉಜ್ಜಿದ ಹಾಗೆ ಮಾಡಿದೆ. ಆಮೇಲೆ ಕೈಯನ್ನು ಮೇಜಿನ ಕೆಳಗೆ ಇಳಿಸಿದೆ. ಅಲ್ಲಿಗೆ ನನ್ನ ಕೈ ನಿಂತಿತು. ಒಂದೂವರೆ ತಿಂಗಳಲ್ಲಿ ಎಷ್ಟೋ ಸಲ ಹೋಗಿಬಂದ ಕೈ ಅದು. ನನಗೆ ಆ ಕೈ ನನ್ನದಲ್ಲ ಎನ್ನಿಸಿತು.

ಅವರು ಬಂದು ಪೆಟ್ಟಿಗೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದಕ್ಕೆ ಫೋನಿನ ತಂತಿ ಇರಲಿಲ್ಲ. ಕಾಗದದ ಸುರುಳಿ ಇರಲಿಲ್ಲ. ‘ಪಾಯಿಂಟ್ ಕೊಟ್ಟೆ ಅಂತ ಇದು ಒಬ್ರುಗಾದ್ರೂ ಒಂದ್ ಚೀಟಿ ಕೊಟ್ಟದಾ?’ ಎಂದು ಕೇಳಿದರು. ಕೊಟ್ಟಿರಲಿಲ್ಲ. ಒಬ್ಬರಿಗೂ ಕೊಟ್ಟಿರಲಿಲ್ಲ. ಅದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಸೂಪರ್‌ವೈಸರ್ ಹಿಂದಿನ ದಿನ ಮೈಸೂರಿಗೆ ಹೋಗಿಬರುತ್ತೇನೆ ಎಂದು ಹೊರಟಿದ್ದ. ಅವನು ತಿರುಗಿ ಬರಲಿಲ್ಲ.

ಪೆಟ್ಟಿಗೆಯನ್ನು ನಾವಿಬ್ಬರೂ ಧಣಿಗಳ ಮುಂದೆ ತೆಗೆದುಕೊಂಡು ಹೋಗಿ ಇಟ್ಟೆವು. ಧಣಿಗಳು ಪೆಟ್ಟಿಗೆಯನ್ನು ತಮ್ಮ ಬೀರುವಿಗೆ ಹಾಕಿ ಬೀಗ ಹಾಕಿದರು. ಮದುವೆಯ ಕಾಲ, ಅಂಗಡಿಯ ಮಾನ ಹೋಗುತ್ತದೆ, ಬ್ಯಾಂಕಿನವರು ಬ್ಯಾಂಕಿನ ಪಾಡು ನೋಡಿಕೊಳ್ಳುತ್ತಾರೆ, ಹೊರಗೆ ಉಸಿರೆತ್ತಬೇಡಿ ಎಂದರು. ನನ್ನ ಮೇಜಿನಲ್ಲಿ ಉಜ್ಜಿದ ಕಾರ್ಡುಗಳ, ಅಂಗಡಿಗೆ ಉಳಿಯುವ ಸಹಿ ಚೀಟಿಗಳ ಕಟ್ಟನ್ನು ಸುಟ್ಟುಬಿಡಿ ಎಂದೂ ಹೇಳಿದರು. ಇವರು ‘ಆಯ್ತು ಸಾ’ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ. ಹೊರಗೆ ಬಂದು ಚೀಟಿಗಳ ಕಟ್ಟನ್ನು ತಮ್ಮ ಡಬ್ಬಿಯ ಚೀಲಕ್ಕೆ ಹಾಕಿಕೊಂಡರು.

ಅದೇ ಮಧ್ಯಾಹ್ನ ಬ್ಯಾಂಕಿಗೆ ಹೋದೆವು. ಅಲ್ಲಿನವರು ಗಾಬರಿಯಾದರು, ಆದರೆ ಕೈಚೆಲ್ಲಿದರು. ಕಾರ್ಡುಗಳು ನಾಲ್ಕೈದು ಬೇರೆ ಬೇರೆ ಬ್ಯಾಂಕಿನವು. ಕಾರ್ಡಿನವರೇ ತಮ್ಮ ತಮ್ಮ ಬ್ಯಾಂಕಿಗೆ ಫೋನು ಮಾಡಿ ನಿಲ್ಲಿಸಬೇಕು, ಬೇರೆಯವರು ಹೇಳಿದರೆ ನಡೆಯುವುದಿಲ್ಲ. ಅವರು ಒಂದೊಂದು ಬ್ಯಾಂಕಿನ ಫೋನ್ ನಂಬರನ್ನೂ ಕೇಳಿ ಬರೆದುಕೊಂಡರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚೀಟಿಗಳನ್ನು ಮಡಿಲಲ್ಲಿ ಹರಡಿಕೊಂಡರು. ಚೀಟಿಯಲ್ಲಿ ಹೆಸರಿತ್ತು, ಊರಿರಲಿಲ್ಲ. ಊರುಗಳು ಇದ್ದದ್ದು ಅವರ ತಲೆಯಲ್ಲಿ. ಇದು ಹೆಮ್ಮರಗಾಲ, ಇವರು ನಮ್ಮೂರಿನವರು, ಇವರು ನರಸೀಪುರದ ಆಸ್ಪತ್ರೆಯ ನರ್ಸು ಎನ್ನುತ್ತ ಚೀಟಿಗಳನ್ನು ಗುಂಪು ಮಾಡಿದರು. ನನ್ನ ಸಾಲಿನಲ್ಲಿ ನಿಂತವರನ್ನೂ ಅವರೇ ಮಾತಾಡಿಸಿ ಊರು ಕೇಳಿದ್ದರು. ಕೆಲವೇ ಚೀಟಿಗಳು ಊರಿಲ್ಲದೆ ಉಳಿದವು.

ಮಾರನೆಯ ದಿನದಿಂದ ಮೂರು ದಿನ ನಾವಿಬ್ಬರೂ ರಜೆ ಹಾಕಿ ಬಸ್ಸಿನಲ್ಲಿ ಊರೂರು ತಿರುಗಿದೆವು. ಮೊದಲ ಮನೆ ಹೆಮ್ಮರಗಾಲದಲ್ಲಿ. ಬಾಗಿಲ ಮುಂದೆ ನಿಂತಾಗ ಅವರು ಕೂಗಬಹುದೆಂದು ನಾನು ಹಿಂದೆ ನಿಂತೆ. ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

‘ಉಜ್ಜಿದ ಕೈ ನಿಂದು. ನೀನೇ ಏಳು. ನಾ ಪಕ್ಕದಲ್ಲೇ ನಿಂತಿರ್ತೀನಿ.’

ನಾನು ಹೇಳಿದೆ. ನಿಮ್ಮ ಕಾರ್ಡನ್ನು ನಾನು ಎರಡು ಸಲ ಉಜ್ಜಿದೆ, ಎರಡನೆಯದು ಕಳ್ಳ ಮಿಷನ್ನು, ಈಗಲೇ ಬ್ಯಾಂಕಿಗೆ ಫೋನು ಮಾಡಿ ಕಾರ್ಡು ನಿಲ್ಲಿಸಿ. ಆ ಮನೆಯವನು ಅಂಗಿಯನ್ನೂ ಹಾಕದೆ ಫೋನ್ ಬೂತಿಗೆ ಓಡಿದ. ಅವನ ತಾಯಿ ನಮಗೆ ಮಜ್ಜಿಗೆ ಕೊಟ್ಟಳು. ಹದಿನಾರು ಗ್ರಾಮದಲ್ಲಿ ಒಬ್ಬಾತ ಬೀದಿಗೆ ಬಂದು ನಮ್ಮಿಬ್ಬರ ಮನೆತನವನ್ನೆಲ್ಲ ಬೈದ. ಅವರ ಸ್ವಂತ ಊರು ಅದು. ಅಕ್ಕಪಕ್ಕದವರು ನೋಡುತ್ತಿದ್ದರು. ಅವನು ಬೈದು ಮುಗಿಸುವ ತನಕ ಅವರು ನಿಂತರು. ಆಮೇಲೆ, ಫೋನ್ ನಂಬರು ಬರೆದ ಚೀಟಿಯನ್ನು ಅವನ ಅಂಗೈಗೆ ಇಟ್ಟು, ಬೈಗುಳ ಆಮೇಲೆ ಬೈಯಬಹುದು, ಮೊದಲು ಫೋನು ಮಾಡು ಎಂದು ಮೆಲ್ಲಗೆ ಹೇಳಿದರು. ನರಸೀಪುರದ ನರ್ಸು ಮೊದಲು ನಕ್ಕರು. ಕಾರ್ಡು ತಮ್ಮ ಪರ್ಸಿನಲ್ಲೇ ಇದೆ, ಕಳುವಾಗುವುದು ಹೇಗೆ ಎಂದರು. ಪರ್ಸಿನಲ್ಲಿದ್ದುಕೊಂಡೇ ಕಳುವಾಗುವ ವಸ್ತುವನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ. ಕೊನೆಗೆ ನಮ್ಮ ಜೊತೆಯೇ ಬೂತಿಗೆ ಬಂದು ಫೋನು ಮಾಡಿದರು. ಎರಡು ಮನೆಗಳಲ್ಲಿ ಮಾತ್ರ ನಾವು ತಡವಾಗಿ ಹೋಗಿದ್ದೆವು. ಅಲ್ಲಿ ದುಡ್ಡು ಆಗಲೇ ಹೋಗಿತ್ತು.

ನಾಲ್ಕನೆಯ ದಿನ ನನಗೆ ಜ್ವರ. ಮನೆಯಲ್ಲಿದ್ದೆ. ಚಿಕ್ಕಯ್ಯನಛತ್ರದವನು ಪೊಲೀಸರಿಗೆ ದೂರು ಕೊಟ್ಟಿದ್ದ. ಪೊಲೀಸರು ಅಂಗಡಿಗೆ ಬಂದರು. ಕಾರ್ಡಿನ ಕೆಲಸವೆಲ್ಲ ಆ ಹೆಂಗಸಿನದೇ ಎಂದು ಧಣಿಗಳು ಬರೆದುಕೊಟ್ಟರು. ಕಪ್ಪು ಪೆಟ್ಟಿಗೆ ಎಂಬುದೇ ಇರಲಿಲ್ಲ ಎಂದರು. ಅವರ ಡಬ್ಬಿಯ ಚೀಲದಲ್ಲಿ ಗಿರಾಕಿಗಳ ಚೀಟಿಗಳ ಕಟ್ಟು ಸಿಕ್ಕಿತು. ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಸೀರೆ ತೋರಿಸುವವನೊಬ್ಬ, ಹನ್ನೊಂದು ವರ್ಷ ಅವರ ಜೊತೆ ಕೆಲಸ ಮಾಡಿದವನು, ‘ಅಂಥೋರ್ನ ತಂದು ಇಂಥ ಜಾಗ್ದಲ್ಲಿ ಕೂರ್ಸುದ್ರೆ ಇನ್ನೇನಾದದು ಸಾ’ ಎಂದನಂತೆ. ಈ ಮಾತನ್ನು ನನಗೆ ಹೇಳಿದ್ದು ಅಂಗಡಿಯ ಇನ್ನೊಬ್ಬ ಹುಡುಗಿ. ಅವಳು ಮಧ್ಯಾಹ್ನ ಓಡಿಬಂದು, ಅವರನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು ಎಂದಳು.

ಬೀರುವಿನಲ್ಲಿ ಬೀಗ ಹಾಕಿಟ್ಟ ಪೆಟ್ಟಿಗೆ ಇರಲೇ ಇಲ್ಲವಂತೆ! ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅತ್ತೆ ಬಾಗಿಲಿಗೆ ಬಂದು ನಿಂತರು. ಸ್ಟೇಷನ್ ಮೆಟ್ಟಿಲು ಹತ್ತಿದ ಸೊಸೆ ಎಂದು ಊರು ಆಡಿಕೊಳ್ಳುತ್ತದೆ ಎಂದರು. ಗಂಡ, ಒಂದು ದಿನ ತಡೆ, ಲಾಯರನ್ನು ಕೇಳೋಣ, ಉಜ್ಜಿದ್ದು ನೀನು, ನಿನ್ನನ್ನೇ ಹಿಡಿದು ಕೂರಿಸಿಬಿಡುತ್ತಾರೆ ಎಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಬಹಳ ವರ್ಷ ನಾನು ಇದನ್ನು ಅತ್ತೆ ಮತ್ತು ಗಂಡನ ತಲೆಗೆ ಕಟ್ಟುತ್ತಿದ್ದೆ. ನನ್ನ ಕಾಲನ್ನು ಯಾರೂ ಕಟ್ಟಿಹಾಕಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಯಾರಾದರೂ ತಡೆದರೆ ಸಾಕಾಗಿತ್ತು.

ಸಂಜೆ ಅವರನ್ನು ಮನೆಗೆ ಕಳಿಸಿ, ಬೆಳಿಗ್ಗೆ ಮತ್ತೆ ಬರಹೇಳಿದ್ದರು. ಬೆಳಿಗ್ಗೆ ಗಂಡ ತಂದ ಪತ್ರಿಕೆಯಲ್ಲಿ ಅವರ ಹೆಸರಿತ್ತು. ಪೂರ್ತಿ ಹೆಸರು, ಊರು, ವಯಸ್ಸು. ಕಾರ್ಡು ವಂಚನೆ, ಜವಳಿ ಅಂಗಡಿಯ ನೌಕರಳ ವಿಚಾರಣೆ ಎಂದಿತ್ತು. ಅದು ನನ್ನ ಹೆಸರಿರಬೇಕಾದ ಜಾಗ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟೆ. ಗಂಡ ಹಿಂದೆಯೇ ಬಂದರು.

ಅವರು ಸ್ಟೇಷನ್ನಿನ ಬೆಂಚಿನ ಮೇಲೆ ಡಬ್ಬಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇನ್‌ಸ್ಪೆಕ್ಟರ್ ಎದುರಿಗೆ ನಿಂತು, ಉಜ್ಜಿದ್ದು ನಾನು ಎಂದೆ. ಇನ್‌ಸ್ಪೆಕ್ಟರ್ ನನ್ನನ್ನು ನೋಡದೆ ಅವರತ್ತ ನೋಡಿದರು.

‘ಏಳ್ನಿಲ್ವಾ ಸಾ, ತಾನಾಗೇ ಬತ್ತಾಳೆ ಅಂತ’ ಎಂದರು ಅವರು.

ಆಮೇಲೆ ಇನ್‌ಸ್ಪೆಕ್ಟರೇ ಹೇಳಿದ್ದು. ಹಿಂದಿನ ದಿನ ಮಧ್ಯಾಹ್ನದಿಂದ ದೀಪ ಹಚ್ಚುವ ತನಕ, ಉಜ್ಜಿದ್ದು ನೀನಲ್ಲದಿದ್ದರೆ ಇನ್ಯಾರು ಎಂದು ಎಷ್ಟು ಸಲ ಕೇಳಿದರೂ ಅವರು ನನ್ನ ಹೆಸರು ಹೇಳಿರಲಿಲ್ಲ. ಗದರಿಸಿದ್ದೂ ಆಗಿತ್ತು. ಅವರು ಹೇಳಿದ್ದು ಒಂದೇ ಮಾತು. ‘ಉಜ್ಜಿದೋಳ್ಗೆ ಅದೇನು ಅಂತ ಗೊತ್ತಿರ್ನಿಲ್ಲ ಸಾ. ನೀವ್ ಓಗಿ ಇಡ್ಕ ಬಂದ್ರೆ ಕಳ್ಳಿ ಆಯ್ತಾಳೆ. ತಾನಾಗಿ ಬಂದ್ರೆ ಸಾಕ್ಸಿ ಆಯ್ತಾಳೆ. ಒಂದ್ ದಿನ ತಡೀರಿ.’

ಆ ಒಂದು ದಿನವನ್ನು ಅವರು ನನಗಾಗಿ ಆ ಬೆಂಚಿನ ಮೇಲೆ ಕೂತು ಸಂಪಾದಿಸಿದ್ದರು. ನಾನು ಆ ಹೊತ್ತಿನಲ್ಲಿ ಮನೆಯೊಳಗೆ ಹೊದ್ದು ಮಲಗಿದ್ದೆ.

ನಾನು ಹೇಳಿಕೆ ಬರೆಸಿದೆ. ಕಪ್ಪು ಪೆಟ್ಟಿಗೆ, ಬೀರು, ಸುಡಲು ಹೇಳಿದ ಚೀಟಿಗಳು, ಒಂದನ್ನೂ ಬಿಡಲಿಲ್ಲ. ಚಿಕ್ಕಯ್ಯನಛತ್ರದವನೂ ಬಂದು, ತನ್ನ ಕಾರ್ಡು ಮೇಜಿನ ಕೆಳಗೆ ಇಳಿದದ್ದು ನೆನಪಿದೆ ಎಂದ. ನರ್ಸು ತಾವಾಗಿಯೇ ಬಸ್ಸು ಹತ್ತಿ ಬಂದು, ಈ ಹೆಂಗಸು ಕದಿಯಲು ಬಂದದ್ದಲ್ಲ, ಉಳಿಸಲು ಬಂದದ್ದು ಎಂದು ಬರೆಸಿದರು. ಬೀರುವನ್ನು ತೆಗೆಸಿದಾಗ ಪೆಟ್ಟಿಗೆ ಇರಲಿಲ್ಲ. ಕೆಲವು ತಿಂಗಳ ಮೇಲೆ ಆ ಸೂಪರ್‌ವೈಸರ್ ಬೇರೆ ರಾಜ್ಯದ ಊರೊಂದರಲ್ಲಿ ಅಂಥದೇ ಪೆಟ್ಟಿಗೆಯ ಜೊತೆ ಸಿಕ್ಕಿಬಿದ್ದು, ನಮ್ಮ ಅಂಗಡಿಯದನ್ನೂ ಒಪ್ಪಿಕೊಂಡ. ಚಿಕ್ಕಯ್ಯನಛತ್ರದವನಿಗೆ ಬ್ಯಾಂಕು ಅಲೆದಾಡಿಸಿ ಅಲೆದಾಡಿಸಿ ಕೊನೆಗೆ ದುಡ್ಡು ವಾಪಸು ಕೊಟ್ಟಿತು. ನರ್ಸಿನ ಕಾರ್ಡನ್ನು, ನಾವು ಹೋಗಿಬಂದ ಒಂದು ವಾರದೊಳಗೆ ಯಾರೋ ದೂರದ ಒಡವೆ ಅಂಗಡಿಯಲ್ಲಿ ಉಜ್ಜಿ ನೋಡಿದ್ದರಂತೆ. ನಿಲ್ಲಿಸಿದ್ದ ಕಾರ್ಡು, ಮಿಷನ್ನು ಒಪ್ಪಲಿಲ್ಲ.

ಅವರ ಮೇಲಿನ ಅನುಮಾನ ತೊಡೆದುಹೋಯಿತು. ಪತ್ರಿಕೆಯಲ್ಲಿ ಅದು ಬರಲಿಲ್ಲ. ನಾನು ಪತ್ರಿಕೆಯ ಕಚೇರಿಗೆ ಹೋಗೋಣ ಎಂದಾಗಲೇ ಅವರು ಇನ್ನೆಲ್ಲೂ ಹೆಸರು ಬರುವುದು ಬೇಡ ಎಂದದ್ದು. ಧಣಿಗಳು ಅವರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ, ಗಿರಾಕಿಗಳು ಹೆದರುತ್ತಾರಂತೆ. ನಾನೂ ಬಿಟ್ಟೆ. ಅವರು ನರಸೀಪುರಕ್ಕೆ ಹೋಗಿ, ಮಗಳ ಮನೆಯ ಮುಂಭಾಗದಲ್ಲಿ ರವಿಕೆ ಕಣ, ಫಾಲ್ಸು ಮಾರುವ ಸಣ್ಣ ಅಂಗಡಿ ಇಟ್ಟುಕೊಂಡರು. ವರ್ಷಕ್ಕೊಮ್ಮೆಯೋ ಎರಡು ಸಲವೋ ನಾನು ಹೋಗಿಬರುತ್ತಿದ್ದೆ. ಪ್ರತಿ ಸಲವೂ ಆ ಒಂದು ದಿನದ ಬಗ್ಗೆ ಮಾತೆತ್ತಬೇಕೆಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಅವರು ಮಕ್ಕಳ ಓದು ಕೇಳುತ್ತಿದ್ದರು, ಊಟ ಮಾಡಿಸುತ್ತಿದ್ದರು, ಬಸ್ಸಿನ ತನಕ ಬರುತ್ತಿದ್ದರು. ಮಾತು ನನ್ನೊಳಗೇ ಉಳಿಯುತ್ತಿತ್ತು.

ಅವತ್ತು ಬಸ್ ನಿಲ್ದಾಣದಿಂದ ಅವಳ ಮನೆಗೆ ಹೋದಾಗ ಮಗಳು ಅಂಗಡಿಯ ಬಾಗಿಲು ತೆರೆದು ಕೂರಿಸಿದಳು. ನಾನು ಅವಳಿಗೆ ಆ ದಿನದ ಸಂಗತಿ ಹೇಳಿಬಿಟ್ಟೆ. ಅಮ್ಮನಿಗೆ ಹೇಳಬೇಕಾಗಿತ್ತು, ಹೇಳಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಬಂದೆ ಎನ್ನುತ್ತ ಅತ್ತುಬಿಟ್ಟೆ. ಅವಳು, ಉಳಿದವರ ವಿಷಯ ನಿಮಗೆ ಗೊತ್ತೇ ಎಂದು ಕೇಳಿದಳು.

ಯಾವ ಉಳಿದವರು ಎಂದೆ.

ಊರು ಗೊತ್ತಾಗದೆ ಉಳಿದ ಚೀಟಿಗಳವರು. ಪೊಲೀಸರು ಚೀಟಿಗಳನ್ನು ಇಟ್ಟುಕೊಂಡಿದ್ದರು, ಹೆಸರುಗಳು ಅಮ್ಮನ ತಲೆಯಲ್ಲಿದ್ದವು. ಪೊಲೀಸರು ಬ್ಯಾಂಕುಗಳಿಗೆ ಕಾಗದ ಹಾಕಿದ್ದಾರೆ, ಇನ್ನು ನಿಂಗ್ಯಾಕೆ ಎಂದು ಮಗಳು ಬೇಡವೆಂದಿದ್ದಳಂತೆ. ಬಂದ ಕಾಗದವನ್ನು ಓದಿ ಅರ್ಥಮಾಡಿಕೊಳ್ಳುವವರು ಆ ಮನೆಗಳಲ್ಲಿದ್ದಾರೋ ಇಲ್ಲವೋ ಎಂದರಂತೆ ಅವರು. ಕೆಲಸ ಹೋದ ಮೇಲೆ ಭಾನುವಾರ ಬಂದರೆ ಬಸ್ಸು ಹತ್ತುತ್ತಿದ್ದರು. ಕಾರ್ಖಾನೆಗಳ ಗೇಟಿನಲ್ಲಿ ಪಾಳಿ ಬಿಡುವಾಗ ನಿಂತು ಹೆಸರು ಹಿಡಿದು ಕೇಳುತ್ತಿದ್ದರು. ಹುಡುಕಿ ಹುಡುಕಿ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಹೇಳಿ ಬಂದರು. ಕೊನೆಯವರು ಸಿಕ್ಕಿದ್ದು ಎರಡು ವರ್ಷದ ಮೇಲೆ. ಆ ಮನುಷ್ಯ ಕಾರ್ಡನ್ನು ಎಂದೋ ಮುರಿದು ಬಿಸಾಡಿದ್ದನಂತೆ.

ಆ ಎರಡು ವರ್ಷಗಳಲ್ಲಿ ನಾನು ಮೂರು ಸಲ ಅಲ್ಲಿಗೆ ಹೋಗಿ, ಅವರ ಕೈಯ ಊಟ ಮಾಡಿ ಬಂದಿದ್ದೆ. ಒಂದು ಸಲವೂ ಅವರು ಇದರ ಸೊಲ್ಲೆತ್ತಿರಲಿಲ್ಲ. ನನ್ನನ್ನು ಯಾಕೆ ಕರೆಯಲಿಲ್ಲ, ಉಜ್ಜಿದ ಕೈ ನನ್ನದಲ್ಲವೇ ಎಂದು ಕೇಳಿದೆ.

‘ನಾನೂ ಅದ್ನೇ ಕೇಳ್ದೆ ಕಣಕ್ಕ’ ಎಂದಳು ಅವಳು. ‘ಅಕ್ಕನ್ನೂ ಕರ್ಕ ಓಗಬಾರ್ದಾ ಅಂತ. ಅದ್ಕೆ ಅಮ್ಮ, ಅವ್ಳು ಸ್ಟೇಷನ್‌ಗೆ ಬಂದ್ ನಿಂತ್ಲಲ್ಲ, ಅವಳ್ ಲೆಕ್ಕ ಅಲ್ಲಿಗೇ ತೀರೋಯ್ತು. ಪೆಟ್ಗೆ ಬ್ಯಾಡ ಅಂತ ನನ್ ಮೇಜಿಂದ ತಳ್ಬುಟ್ಟು ಸುಮ್ನೆ ಕೂತ್ಕಂಡೋಳು ನಾನು, ನಂದು ತೀರ್ಬ್ಯಾಡ್ವಾ ಅಂದ್ರು.’